ಫಿಟ್ಸ್ ನಿಂತಿದೆ, ಆದರೆ ಮಗು ಸಪ್ಪಗಿದೆ

ಮೂರ್ಛೆ ರೋಗದ ಮಕ್ಕಳನ್ನು ಕರೆತರುವ ಅಪ್ಪ-ಅಮ್ಮ ಮೊದಲು ಒಪ್ಪಿಸುವುದು ಫಿಟ್ಸ್‌ನ ಲೆಕ್ಕ. ಮಕ್ಕಳ ಮನೋವೈದ್ಯೆಯಾದ ನಾನು ಅದರ ಜೊತೆಗೇ ನಿದ್ದೆ, ಊಟ, ಶಾಲೆ, ಗೆಳೆಯರ ವಿಚಾರವನ್ನೂ ಕೆದಕುತ್ತೇನೆ. ಮಕ್ಕಳಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಾಗಿಯೋ ಬೆಳಗಿನ ಹೊಟ್ಟೆನೋವಾಗಿಯೋ ಬರುವುದುಂಟು. ಮನೆಯವರು ಅದಕ್ಕೆ ಹಟ ಅನ್ನುತ್ತಾರೆ.

'ಈಗ ಫಿಟ್ಸ್ ಇಲ್ಲ ಮೇಡಂ, ಆದ್ರೆ ಮಾತಾಡಿಸಿದ್ರೆ ಸಾಕು, ಮೈಮೇಲೆ ಬೀಳ್ತಾಳೆ' ಎಂದು ಒಬ್ಬ ತಾಯಿ ಏಳನೇ ಕ್ಲಾಸಿನ ಮಗಳನ್ನು ತಂದು ಕೂರಿಸಿದರು. ನಾನು ಮೊದಲು ನೋಡಿದ್ದು ಮಾತ್ರೆ ಚೀಟಿ. ಅದರಲ್ಲಿದ್ದ ಲೆವೆಟಿರಾಸಿಟಾಮ್ ಫಿಟ್ಸ್‌ಗೆ ಒಳ್ಳೆಯ ಔಷಧಿಯೇ, ಆದರೆ ಕೆಲವು ಮಕ್ಕಳಲ್ಲಿ ಸಿಟ್ಟು, ಬೇಸರ ತರುತ್ತದೆ. ಅಗ್ಗದ ಫಿನೋಬಾರ್ಬಿಟೋನ್‌ಗೂ ಆ ಗುಣ ಇದೆ. ಡೋಸ್ ಏರಿಸಿದ್ದು ಯಾವಾಗ, ಮಗು ಬದಲಾಗಿದ್ದು ಯಾವಾಗ ಎಂದು ಎರಡನ್ನೂ ತಾಳೆ ನೋಡಬೇಕು. ತಾಳೆಯಾದರೂ ಮನೆಯವರೇ ಮಾತ್ರೆ ನಿಲ್ಲಿಸುವಂತಿಲ್ಲ. ದಿಢೀರನೆ ಬಿಟ್ಟರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ.

ಇವಳದು ತಾಳೆಯಾಗಲಿಲ್ಲ. ಮಂಕು ಡೋಸ್ ಏರಿಸುವ ಮೊದಲೇ ಶುರುವಾಗಿತ್ತು. ತಾಯಿಯನ್ನು ಹೊರಗೆ ಕೂರಲು ಹೇಳಿ, 'ಫಿಟ್ಸ್ ಬಂದ್ಮೇಲೆ ಏನೇನು ಬಿಡಿಸಿದ್ರು?' ಎಂದೆ. ಬೆರಳು ಮಡಚುತ್ತಾ ಹೋದಳು: ಸೈಕಲ್, ಕಬಡ್ಡಿ, ಬೇಸಿಗೆ ರಜೆಗೆ ಅಜ್ಜಿ ಮನೆ. ಸ್ನಾನಕ್ಕೆ ಹೋದರೆ ಅಗುಳಿ ಹಾಕುವಂತಿಲ್ಲ, ಬಾಗಿಲ ಹೊರಗೆ ತಮ್ಮ ಕಾವಲು! ಪ್ರೇಯರ್ ಹೊತ್ತಲ್ಲಿ ಫಿಟ್ಸ್ ಬಂದು ಲಂಗ ಒದ್ದೆಯಾದ ದಿನದಿಂದ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಅದನ್ನು ಅಮ್ಮನಿಗೆ ಹೇಳಿರಲೇ ಇಲ್ಲ.

'ಸತ್ತುಹೋಗ್ಬೇಕು ಅನ್ನಿಸಿತ್ತಾ?' ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆಯಲ್ಲಿ ಹುರುಳಿಲ್ಲ. ಅನ್ನಿಸಿತ್ತಂತೆ, ಆದರೆ ಹೇಗೆ ಎಂದು ಯೋಚಿಸಿರಲಿಲ್ಲ. ಇದನ್ನು ಅವಳಿಗೆ ತಿಳಿಸಿಯೇ ತಾಯಿಗೂ ಹೇಳಿ, ಮಾತ್ರೆಗಳನ್ನು ದೊಡ್ಡವರ ಕೈಯಲ್ಲೇ ಇಟ್ಟುಕೊಳ್ಳಲು ಸೂಚಿಸಿದೆ.

ಕೌನ್ಸೆಲಿಂಗ್ ಜೊತೆ ಖಿನ್ನತೆಯ ಮಾತ್ರೆ ಫ್ಲುಯಾಕ್ಸೆಟಿನ್ ಸಣ್ಣ ಡೋಸ್‌ನಲ್ಲಿ ಶುರು ಮಾಡಿದೆ. 'ಮನಸ್ಸಿನ ಮಾತ್ರೆಯಿಂದ ಫಿಟ್ಸ್ ಕೆರಳುತ್ತದೆ' ಎಂಬ ಭಯ ವೈದ್ಯರಲ್ಲೂ ಇದೆ. ಬ್ಯುಪ್ರೋಪಿಯಾನ್, ಕ್ಲೋಮಿಪ್ರಮಿನ್‌ನಂಥ ಮಾತ್ರೆಗಳ ವಿಷಯದಲ್ಲಿ ಅದು ಸರಿ. ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್ ಸಾಮಾನ್ಯ ಡೋಸ್‌ನಲ್ಲಿ ಹಾಗೆ ಮಾಡುವುದು ಅಪರೂಪ. ಮಗು ಫಿಟ್ಸ್‌ಗೆ ಕಾರ್ಬಮಾಜೆಪಿನ್ ಅಥವಾ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರೆ ಫ್ಲುಯಾಕ್ಸೆಟಿನ್‌ನಿಂದ ಅವುಗಳ ಮಟ್ಟ ರಕ್ತದಲ್ಲಿ ಏರಬಹುದು. ಆಗ ಬೇರೆ ಲೆಕ್ಕ. ಮೊದಲ ಕೆಲವು ವಾರ ಸಾಯುವ ಮಾತು, ತಳಮಳ ಹೆಚ್ಚುತ್ತದೆಯೇ ಎಂದು ಕಣ್ಣಿಡಬೇಕು.

ಸ್ನಾನಕ್ಕೆ ಅಗುಳಿ ಬೇಡ, ಬಾಗಿಲಿಗೆ 'ಒಳಗಿದ್ದಾರೆ' ಎಂಬ ಬೋರ್ಡು ಸಾಕು ಎಂದಾಯಿತು. ತಮ್ಮನಿಗೆ ಡ್ಯೂಟಿ ತಪ್ಪಿತು. ಪಿ.ಟಿ. ಮೇಷ್ಟರಿಗೆ ಮಗ್ಗುಲಿಗೆ ಮಲಗಿಸುವುದು, ಕೈಗೆ ಕಬ್ಬಿಣ ಕೊಡದಿರುವುದು, 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯುವುದು, ಇಷ್ಟನ್ನು ತೋರಿಸಿಕೊಟ್ಟೆ. ಕಬಡ್ಡಿಗೆ ತಾಯಿ ಒಪ್ಪಿದ್ದಾರೆ. ಸೈಕಲ್ ಬಗ್ಗೆ ನಮ್ಮ ಚೌಕಾಸಿ ಇನ್ನೂ ನಡೆದಿದೆ. ನಡುರಾತ್ರಿ ಏನಾದರೂ ಆದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮಾತ್ರೆ ಚೀಟಿಯ ಮೇಲೆಯೇ ಬರೆದುಕೊಟ್ಟಿದ್ದೇನೆ.