ದಾಸೋಹದಲ್ಲಿ ಬಡಿಸೋದು ಹೇಗೆ

ಮಠದಲ್ಲೋ ಜಾತ್ರೇಲೋ ಬಡಿಸೋ ಸೇವೆಗೆ ಹೋದ್ರೆ ಮೊದ್ಲು ಕೈಕಾಲು ತೊಳ್ಕೊಂಡು ಮೊಬೈಲ್ ಬ್ಯಾಗಲ್ಲಿ ಇಟ್ಬಿಡಿ, ಊಟ ಮಾಡೋರ ಮುಖ ನಮ್ಮ ಸ್ಟೇಟಸ್‌ಗೆ ಅಲ್ಲ. ಮೊದಲ ದಿನ ಉಪ್ಪು, ನೀರು ಸಾಕು.

ಸಾಂಬಾರ್ ಬಕೆಟ್ ಕೈಗೆ ಬಂದಾಗ ಪೂರ್ತಿ ಬಗ್ಗಿ, ಸೌಟು ಎಲೆ ಹತ್ರ ತಂದು ನಿಧಾನಕ್ಕೆ ಹಾಕಿ, ನಿಂತಲ್ಲಿಂದ್ಲೇ ಸುರಿದ್ರೆ ಬಿಸಿದು ಪಕ್ಕದ ಮಗು ತೊಡೆ ಮೇಲೆ ಹಾರುತ್ತೆ, ಒಂದ್ಸಲ ನನ್ ಕೈಯಿಂದ್ಲೇ ಹಾಗಾಗಿ ಆ ಮಗು ಅತ್ತಿದ್ದು ಇವತ್ತಿಗೂ ಮರೆತಿಲ್ಲ. "ಸಾಕಾ?" ಅಂತ ಕೇಳ್ಬೇಡಿ, ಹಸಿವಿದ್ರೂ ಸಂಕೋಚಕ್ಕೆ ಹೂಂ ಅಂತಾರೆ. "ಇನ್ನೊಂಚೂರು ಹಾಕ್ಲಾ ಅಜ್ಜಿ?" ಅನ್ನಿ.

ಪರಿಚಯದೋರಿಗೆ ಎರಡು ಸೌಟು ಪಾಯಸ ಹಾಕಿ ಕೊನೇ ಸಾಲಿಗೆ ಖಾಲಿ ಆಯ್ತು ಅಂದ್ರೆ ಅದನ್ನ ದಾಸೋಹ ಅಂತ ನಾನಂತೂ ಒಪ್ಪಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ, 2019ರಲ್ಲಿ ಲಿಂಗೈಕ್ಯರಾಗೋವಾಗ ಅವರಿಗೆ 111 ವರ್ಷ, ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿದ್ರು. ನಾವು ಒಂದು ಸಾಲಿಗೆ ಸಮವಾಗಿ ಬಡಿಸ್ಬೋದು ಅಲ್ವಾ?

ಅದಕ್ಕೇ ಶುರುಲೇ ಎಲೆ ಎಣಿಸ್ಕೊಳ್ಳಿ, ಎಷ್ಟಿದೆ ಅಂತ ಅಡುಗೆಯೋರ್ನ ಕೇಳಿ ಅಳತೇಲಿ ಬಡಿಸಿ. ಪಂಕ್ತಿ ಎದ್ಮೇಲೆ ಎಲೆ ತೆಗೆದು ನೆಲ ಒರೆಸೋಕೂ ನಿಂತ್ಕೊಳ್ಳಿ, ಆಮೇಲೇ ನಿಮ್ಮ ಊಟ.