ಕಮಾಂಡೊ ಆಯ್ಕೆ ನಮ್ಮಂಥವರ ಕೈಲಾಗುತ್ತಾ? ನಾನೇ ಅಳೆದು ನೋಡಿದೆ

ಕಮಾಂಡೊಗಳ ತರಬೇತಿಯ ವಿಡಿಯೊ ನೋಡಿದವರಿಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ನಾನಾಗಿದ್ರೆ ಎಷ್ಟು ಹೊತ್ತು ನಿಲ್ತಿದ್ದೆ? ಕೆಲವರು 'ಅರ್ಧ ಗಂಟೆ' ಅಂತ ನಕ್ಕು ಸುಮ್ಮನಾಗುತ್ತಾರೆ. ಇನ್ನು ಕೆಲವರು 'ಮನಸ್ಸು ಗಟ್ಟಿ ಇದ್ರೆ ಯಾರು ಬೇಕಾದ್ರೂ ಮಾಡಬಹುದು' ಅನ್ನುತ್ತಾರೆ. ನನಗೆ ಎರಡೂ ಉತ್ತರ ಹಿಡಿಸಲಿಲ್ಲ.

ನಾನು ಸೈನಿಕನಲ್ಲ. ಕಂಪ್ಯೂಟರ್ ಮುಂದೆ ಕೂತು ದುಡಿಯುವವನು, ನಲವತ್ತರ ಹತ್ತಿರ ಬಂದವನು. ಆದರೆ ಈ ಆಯ್ಕೆಗಳ ಅಳತೆಗಳು ಗುಟ್ಟೇನಲ್ಲ. ಎಷ್ಟು ದೂರ, ಎಷ್ಟು ಭಾರ, ಎಷ್ಟು ನಿಮಿಷ ಅನ್ನೋದು ತುಂಬಾ ಮಟ್ಟಿಗೆ ಹೊರಗೆ ಗೊತ್ತಿರುವ ವಿಷಯ. ಅವನ್ನು ಒಂದೊಂದಾಗಿ ಮುಂದಿಟ್ಟುಕೊಂಡು, ನನ್ನ ಮೈ ಎಲ್ಲಿವರೆಗೆ ಬರುತ್ತೆ ಅಂತ ನೋಡೋಣ ಅಂತ ಶುರು ಮಾಡಿದೆ. ಜೊತೆಗೆ ಒಬ್ಬ ಗೆಳೆಯ. ಅವನ ಕೆಲಸ ಎಣಿಸೋದು, ಗಡಿಯಾರ ಹಿಡಿಯೋದು, ನನ್ನ ಮೇಲೆ ಕರುಣೆ ತೋರದೇ ಇರೋದು.

ಮೊದಲು ತಗೊಂಡಿದ್ದು ಅಮೆರಿಕದ ನೌಕಾಪಡೆಯ ಕಮಾಂಡೊಗಳಾದ ನೇವಿ ಸೀಲ್‌ಗಳ ಪ್ರವೇಶ ಪರೀಕ್ಷೆ. ಬಹುಕಾಲದಿಂದ ಇರುವ ಕನಿಷ್ಠ ಅಳತೆ ಹೀಗಿದೆ: 500 ಗಜ, ಅಂದರೆ ಸುಮಾರು 457 ಮೀಟರ್ ಈಜು 12 ನಿಮಿಷ 30 ಸೆಕೆಂಡಿನಲ್ಲಿ. ಎರಡು ನಿಮಿಷದಲ್ಲಿ 50 ಪುಷ್‌ಅಪ್, ಮತ್ತೆ ಎರಡು ನಿಮಿಷದಲ್ಲಿ 50 ಸಿಟ್‌ಅಪ್, 10 ಪುಲ್‌ಅಪ್. ಕೊನೆಗೆ ಒಂದೂವರೆ ಮೈಲಿ, ಅಂದರೆ 2.4 ಕಿಲೋಮೀಟರ್ ಓಟ 10 ನಿಮಿಷ 30 ಸೆಕೆಂಡಿನಲ್ಲಿ. ನಡುವೆ ಸಣ್ಣ ಬಿಡುವು ಬಿಟ್ಟರೆ ಎಲ್ಲವೂ ಒಂದರ ಹಿಂದೆ ಒಂದು.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಭಯಪಡುವಂಥದ್ದು ಏನೂ ಇಲ್ಲ ಅನ್ನಿಸುತ್ತೆ. ಮೊದಲ ದಿನ ಗೆಳೆಯ ನನ್ನ ಪುಷ್‌ಅಪ್ ಎಣಿಸಲು ಕೂತ. 'ಆರು, ಆರು, ಆರು, ಏಳು, ಏಳು...' ಅಂತ ಎಣಿಸುತ್ತಿದ್ದ. ಎದೆ ಸಾಕಷ್ಟು ಕೆಳಗೆ ಬಂದಿಲ್ಲ, ಮೊಣಕೈ ಪೂರ್ತಿ ಬಿಚ್ಚಿಲ್ಲ ಅಂದರೆ ಲೆಕ್ಕಕ್ಕಿಲ್ಲ. ಮನೆಯಲ್ಲಿ ಮೂವತ್ತು ಹೊಡೀತೀನಿ ಅನ್ನುವವರಲ್ಲಿ ಎಷ್ಟೋ ಜನ ಈ ನಿಯಮದಲ್ಲಿ ಅಷ್ಟು ಮುಟ್ಟಲ್ಲ. ನಂಬಿಕೆ ಇಲ್ಲದಿದ್ದರೆ ಯಾರಾದರೂ ಕಟ್ಟುನಿಟ್ಟಿನ ಮನುಷ್ಯನನ್ನು ಎದುರು ಕೂರಿಸಿಕೊಂಡು ನೋಡಿ.

ನನಗೆ ಜಾಸ್ತಿ ಕಾಲ ಹಿಡಿದಿದ್ದು ಪುಲ್‌ಅಪ್ ಮತ್ತು ಈಜು. ಪುಲ್‌ಅಪ್‌ಗೆ ಅಡ್ಡದಾರಿ ಇಲ್ಲ. ಕುರ್ಚಿಯ ಮೇಲಿಂದ ಕಂಬಿ ಹಿಡಿದು, ಗದ್ದ ಕಂಬಿಯ ಮೇಲಿಟ್ಟುಕೊಂಡು, ನಿಧಾನಕ್ಕೆ ಕೆಳಗಿಳಿಯುವುದನ್ನೇ ತಿಂಗಳುಗಟ್ಟಲೆ ಮಾಡಿದೆ. ಈಜಿನಲ್ಲಿ ತಾಕತ್ತಿಗಿಂತ ಕಲಿಕೆ ದೊಡ್ಡದು. ಈ ಪರೀಕ್ಷೆಯಲ್ಲಿ ಫ್ರೀಸ್ಟೈಲ್ ಈಜು ನಡೆಯಲ್ಲ, ಮಗ್ಗುಲಾಗಿ ಈಜುವ ಸೈಡ್‌ಸ್ಟ್ರೋಕ್ ಅಥವಾ ಬ್ರೆಸ್ಟ್‌ಸ್ಟ್ರೋಕ್‌ನಲ್ಲೇ ಮುಗಿಸಬೇಕು. ಒಂದು ಸಲ ಕೈ ಎಳೆದು, ಕಾಲನ್ನು ಕತ್ತರಿಯಂತೆ ಆಡಿಸಿ, ನೀರಿನಲ್ಲಿ ಸುಮ್ನೆ ಜಾರಿಕೊಂಡು ಹೋಗಲು ಬಿಡುವ ಆ ಒಂದೆರಡು ಕ್ಷಣ ಇದೆಯಲ್ಲ, ಅದು ಗೊತ್ತಾದ ಮೇಲೆ ನನ್ನ ಸಮಯ ತಾನಾಗಿ ಇಳಿಯಿತು.

ವರ್ಷ ದಾಟಿದ ಮೇಲೆ ಒಂದೇ ಬೆಳಗ್ಗೆ ಐದೂ ಪಾಸಾದೆ. ಅದು ಕನಿಷ್ಠ, ಅಷ್ಟೇ. ನಿಜವಾಗಿ ಅಲ್ಲಿ ಉಳಿಯುವ ಹುಡುಗರ ಅಂಕಿಗಳು ಇದಕ್ಕಿಂತ ತುಂಬಾ ಮೇಲಿರುತ್ತವೆ. ಆದರೂ ಈ ಭಾಗದ ಬಗ್ಗೆ ನನಗೆ ಅನುಮಾನವಿಲ್ಲ. ದೊಡ್ಡ ಕಾಯಿಲೆ ಇಲ್ಲದ, ಈಜು ಕಲಿಯಲು ಒಪ್ಪುವ, ಮೂವತ್ತರ ಒಳಗಿನ ತುಂಬಾ ಜನ ಒಂದೆರಡು ವರ್ಷದಲ್ಲಿ ಇದನ್ನು ಮುಟ್ಟಬಹುದು. ಸೀಲ್ ತರಬೇತಿಗೆ ನೇರವಾಗಿ ನಾಗರಿಕ ಜೀವನದಿಂದ ಸೇರಿ, ನೌಕಾಪಡೆಯ ಮೂಲ ತರಬೇತಿ ಮುಗಿಸಿ ಬರುವ ಹುಡುಗರೂ ಇರುತ್ತಾರೆ. ಅವರೂ ಮೊನ್ನೆ ಮೊನ್ನೆವರೆಗೆ ನಮ್ಮಂಥವರೇ ಅಲ್ವಾ?

ಆಮೇಲೆ ಭಾರ ಹೊತ್ತು ನಡೆಯೋದಕ್ಕೆ ಕೈ ಹಾಕಿದೆ. ಇಲ್ಲಿ ಲೆಕ್ಕ ಬದಲಾಯಿತು.

ಅಮೆರಿಕ ಸೇನೆಯ ರೇಂಜರ್ ಸ್ಕೂಲ್‌ನಲ್ಲಿ ಸುಮಾರು 16 ಕೆಜಿ ಹೊತ್ತು 12 ಮೈಲಿ, ಅಂದರೆ 19 ಕಿಲೋಮೀಟರ್ ದೂರವನ್ನು ಮೂರು ಗಂಟೆಯೊಳಗೆ ಮುಗಿಸಬೇಕು. ಬ್ರಿಟಿಷ್ ಸೇನೆಯ ಕಮಾಂಡೊ ಪಡೆಯಾದ ಎಸ್‌ಎಎಸ್ ಆಯ್ಕೆಯಲ್ಲಿ 'ಫ್ಯಾನ್ ಡ್ಯಾನ್ಸ್' ಅನ್ನುವ ನಡಿಗೆ ಇದೆ. ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ 886 ಮೀಟರ್ ಎತ್ತರದ ಪೆನ್ ಇ ಫ್ಯಾನ್ ಹತ್ತಿ, ಆ ಕಡೆ ಇಳಿದು, ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರೋದು. ಒಟ್ಟು 24 ಕಿಲೋಮೀಟರ್, ಸುಮಾರು ನಾಲ್ಕು ಗಂಟೆ. ಅದು ಬರೀ ಆರಂಭ. ಬೆಟ್ಟದ ಹಂತದ ಕೊನೆಗೆ ಬರುವ ನಡಿಗೆ 64 ಕಿಲೋಮೀಟರ್, 20 ಗಂಟೆ, ಬೆನ್ನ ಮೇಲೆ 25 ಕೆಜಿ ಆಸುಪಾಸು.

ನಾನು 8 ಕೆಜಿಯಿಂದ ಶುರು ಮಾಡಿದೆ. ಭಾರ ಬೆನ್ನಿನ ಮೇಲ್ಭಾಗದಲ್ಲಿ, ಮೈಗೆ ಅಂಟಿದಂತೆ ಕೂರಬೇಕು. ಚೀಲದ ತಳಕ್ಕೆ ಬಿದ್ದರೆ ಹಿಂದಕ್ಕೆ ಎಳೆಯುತ್ತದೆ, ಸೊಂಟ ಹೋಗುತ್ತದೆ. ತಳದಲ್ಲಿ ಹಳೇ ಕಂಬಳಿ ತುಂಬಿ, ಅದರ ಮೇಲೆ ಮರಳಿನ ಚೀಲವನ್ನು ಟೇಪ್ ಸುತ್ತಿ ಇಟ್ಟೆ. ವಾರಕ್ಕೆ ಒಂದೇ ಸಲ ನಡಿಗೆ. ಭಾರ ಹೊತ್ತು ಓಡಲೇ ಇಲ್ಲ. ಉಸಿರು ಬೇಗ ಪಳಗುತ್ತದೆ. ಮೂಳೆ, ಸ್ನಾಯುರಜ್ಜು ಹಾಗಲ್ಲ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೇ ಭಾಗವನ್ನು ತಿಂದುಹಾಕಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಗೋಡೆ ಒಡೆದು ಇನ್ನೂ ಕಟ್ಟದ ಮನೆಯಂತೆ ನಡುವೆ ಕೆಲವು ವಾರ ಅದು ಮೊದಲಿಗಿಂತ ದುರ್ಬಲವಾಗಿರುತ್ತದೆ. ಹೊಸದಾಗಿ ಸೇನೆ ಸೇರಿದವರ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆ ಬಿರುಕು ಬರಲು ಇದೂ ಒಂದು ಕಾರಣ. 'ಮನಸ್ಸಿದ್ದರೆ ಮಾರ್ಗ' ಅನ್ನುವ ಗಾದೆ ಮೂಳೆಗೆ ಗೊತ್ತಿಲ್ಲ.

ಇನ್ನು ಪಾದ. ಇದರ ಬಗ್ಗೆ ವಿಡಿಯೊಗಳಲ್ಲಿ ಒಬ್ಬರೂ ಸರಿಯಾಗಿ ಹೇಳಲ್ಲ, ನನಗೆ ಸಿಟ್ಟೇ ಬರುತ್ತೆ. ಗುಳ್ಳೆ ಏಳುವ ಮೊದಲು ಹಿಮ್ಮಡಿಯ ಒಂದು ಕಡೆ ಬಿಸಿ ಬಿಸಿ ಅನ್ನಿಸುತ್ತದೆ. ಆಗಲೇ ನಿಲ್ಲಬೇಕು. ಶೂ ಬಿಚ್ಚಿ, ಕಾಲು ಒರೆಸಿ, ಟೇಪ್ ಹಾಕಿ, ಒಣ ಸಾಕ್ಸ್ ಹಾಕಿಕೊಂಡರೆ ಐದು ನಿಮಿಷ ಹೋಗುತ್ತದೆ. ನಿಲ್ಲದಿದ್ದರೆ ಮುಂದಿನ ವಾರವೆಲ್ಲ ಹೋಗುತ್ತದೆ. ನಾನು ಒಳಗೆ ತೆಳು ಸಾಕ್ಸ್, ಹೊರಗೆ ದಪ್ಪ ಸಾಕ್ಸ್ ಹಾಕುತ್ತೇನೆ. ಆಗ ಉಜ್ಜಾಟ ಎರಡು ಬಟ್ಟೆಗಳ ನಡುವೆ ನಡೆಯುತ್ತದೆ, ಚರ್ಮದ ಮೇಲಲ್ಲ. ಉಗುರು ನಡಿಗೆಯ ಹಿಂದಿನ ದಿನ ಕತ್ತರಿಸಬಾರದು, ಎರಡು ಮೂರು ದಿನ ಮೊದಲೇ ಕತ್ತರಿಸಬೇಕು. ಆಯ್ಕೆಯಲ್ಲಿ ಹೊರಬೀಳುವವರೆಲ್ಲ ಧೈರ್ಯ ಕಳೆದುಕೊಂಡವರಲ್ಲ. ಎಷ್ಟೋ ಜನರನ್ನು ಮನೆಗೆ ಕಳಿಸುವುದು ಪಾದ, ಕಣಕಾಲು, ಮೊಣಕಾಲು.

ಮುಂದೆ 16 ಕೆಜಿ, 19 ಕಿಲೋಮೀಟರ್ ಮೂರು ಗಂಟೆಗೆ ಸ್ವಲ್ಪ ಒಳಗೆ ಮುಗಿಯಿತು. ಸಮತಟ್ಟು ದಾರಿ, ತಂಪು ಹೊತ್ತು, ಹಿಂದಿನ ರಾತ್ರಿ ಎಂಟು ಗಂಟೆ ನಿದ್ದೆ. ಈ ಮೂರನ್ನೂ ತೆಗೆದು ನೋಡಿದರೆ ತಾನೇ ಅಸಲಿ ವಿಷಯ ಗೊತ್ತಾಗೋದು.

ನಿದ್ದೆಯನ್ನು ಮೊದಲು ತೆಗೆದೆ. ಶುಕ್ರವಾರ ದಿನವಿಡೀ ಕೆಲಸ ಮಾಡಿ, ರಾತ್ರಿಯೆಲ್ಲ ಗೆಳೆಯನ ಜೊತೆ ಹಗುರ ಚೀಲ ಹೊತ್ತು ನಡೆದೆ. ನಡುರಾತ್ರಿವರೆಗೆ ಮಜಾ ಇತ್ತು. ಮೂರು ಗಂಟೆಯ ಮೇಲೆ ಮೈ ಬಿಸಿ ಇಳಿಯುವ ಹೊತ್ತು, ಚಳಿ ಇಲ್ಲದಿದ್ದರೂ ನಡುಕ ಬಂತು. ಗೆಳೆಯ ಹದಿನೇಳಕ್ಕೆ ಇಪ್ಪತ್ತಾರು ಕೂಡಿಸು ಅಂದ. ಉತ್ತರ ಬಾಯಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಅಂದರೆ, ಅವನು ನಾನು ತಮಾಷೆ ಮಾಡ್ತಿದ್ದೀನಿ ಅಂದುಕೊಂಡ. ಇದು ಒಂದು ರಾತ್ರಿಯ ಕತೆ. ಸೀಲ್ ತರಬೇತಿಯ 'ಹೆಲ್ ವೀಕ್', ಅಂದರೆ ನರಕದ ವಾರ, ಐದೂವರೆ ದಿನ ನಡೆಯುತ್ತದೆ. ಅಷ್ಟೂ ದಿನಕ್ಕೆ ಒಟ್ಟು ನಿದ್ದೆ ಸುಮಾರು ನಾಲ್ಕು ಗಂಟೆ. ಅದರ ಮೇಲೆ ತಣ್ಣನೆಯ ಕಡಲು. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಒದ್ದೆ ಮೈ ಬಿಸಿ ಉಳಿಸಿಕೊಳ್ಳುವ ಮಾತೇ ಇಲ್ಲ. ತಣ್ಣೀರಿನ ಭಾಗವನ್ನು ನಾನು ಮುಟ್ಟಲೇ ಇಲ್ಲ. ಪಕ್ಕದಲ್ಲಿ ವೈದ್ಯರಿಲ್ಲದೆ ಅದನ್ನು ಮಾಡೋದು ಹುಚ್ಚುತನ.

ಆಮೇಲೆ ಆ ಮೂರರಲ್ಲಿ ಇಲ್ಲದ ಇನ್ನೊಂದನ್ನು, ಅಂದರೆ 'ಎಷ್ಟು ದೂರ' ಅನ್ನುವ ಮಾಹಿತಿಯನ್ನೇ ತೆಗೆದೆವು. ಇದು ಗೆಳೆಯನ ಐಡಿಯಾ. ಎಸ್‌ಎಎಸ್ ಬೆಟ್ಟಗಳ ಬಗ್ಗೆ ಓದಿದವರಿಗೆ ಗೊತ್ತಿರುತ್ತದೆ, ಅಲ್ಲಿ ಮೇಲ್ವಿಚಾರಕರು ಕೂಗಾಡಲ್ಲ. ಶಭಾಷ್ ಅನ್ನಲ್ಲ, ಬೈಯಲ್ಲ. ಮುಂದಿನ ಜಾಗ ಯಾವುದು ಅಂತಷ್ಟೇ ಹೇಳುತ್ತಾರೆ. ನೀವು ವೇಗವಾಗಿದ್ದೀರೋ ಹಿಂದೆ ಬಿದ್ದಿದ್ದೀರೋ ಅಂತ ಅವರ ಮುಖ ನೋಡಿದರೂ ಗೊತ್ತಾಗಲ್ಲ. ನಮ್ಮ ನಡಿಗೆಯಲ್ಲೂ ಹಾಗೇ ಮಾಡಿದೆವು. ದಾರಿಯ ನಕ್ಷೆ ಅವನ ಹತ್ತಿರ, ಗಡಿಯಾರ ಅವನ ಹತ್ತಿರ. ನಾನು ಒಂದು ಜಾಗ ತಲುಪಿದಾಗ ಅವನು ಬೈಕಿನಲ್ಲಿ ಬಂದು ನಿಂತಿರುತ್ತಾನೆ, ಮುಂದಿನ ಜಾಗ ಹೇಳುತ್ತಾನೆ, ಹೋಗುತ್ತಾನೆ.

ನಾಲ್ಕನೇ ಜಾಗದಲ್ಲಿ ಬೈಕ್ ಕಂಡಿತು. ಸೀಟಿನ ಮೇಲೆ ನೀರಿನ ಬಾಟಲಿ, ಟವೆಲ್. ಮುಗೀತು ಅಂದುಕೊಂಡು ಚೀಲದ ಪಟ್ಟಿ ಸಡಿಲ ಮಾಡಿದೆ. ಅವನು ನನ್ನ ಮುಖವನ್ನೇ ನೋಡದೆ 'ಹಿಂದಿನ ಜಾಗಕ್ಕೆ ವಾಪಸ್' ಅಂದ. ಬೈಕ್ ಸ್ಟಾರ್ಟ್ ಮಾಡಿ ಹೊರಟೇಬಿಟ್ಟ. ಆ ಕ್ಷಣದಲ್ಲಿ ನನ್ನ ಕಾಲಿಗೆ ಏನೂ ಆಗಿರಲಿಲ್ಲ. ಒಂದು ನಿಮಿಷದ ಹಿಂದೆ ಹೇಗಿತ್ತೋ ಹಾಗೇ ಇತ್ತು. ಆದರೂ ಹೆಜ್ಜೆ ಎತ್ತೋಕೆ ಆಗಲಿಲ್ಲ. ಬಾಯಿಗೆ ಬಂದಿದ್ದೆಲ್ಲ ಬೈದೆ. ಆಮೇಲೆ ಎದುರಿಗೆ ಕಾಣುವ ವಿದ್ಯುತ್ ಕಂಬದವರೆಗೆ ಮಾತ್ರ ಅಂದುಕೊಂಡು ಹೊರಟೆ. ಅಲ್ಲಿಂದ ಮುಂದಿನ ಕಂಬ. ಹಾಗೇ ಮುಗಿಯಿತು. ವಾಪಸ್ ಹೋಗಿದ್ದು ಎಷ್ಟು ದೂರ ಅಂತ ಅವನು ಆಮೇಲೆ ಹೇಳಿದಾಗ ನಾಚಿಕೆ ಆಯಿತು, ಅಷ್ಟು ಕಮ್ಮಿ ಇತ್ತು.

ಸಾಮಾನ್ಯ ಜನ ಇದನ್ನು ತಾಳಬಲ್ಲರಾ ಅಂತ ಯಾರಾದರೂ ಕೇಳಿದರೆ ನಾನು ಈ ಜಾಗದಿಂದಲೇ ಉತ್ತರ ಶುರು ಮಾಡುತ್ತೇನೆ. ಇಂಥ ಆಯ್ಕೆಗಳಲ್ಲಿ ತುಂಬಾ ಜನ ತಾವಾಗಿಯೇ ಬಿಟ್ಟು ಹೋಗುತ್ತಾರೆ. ಸೀಲ್ ತರಬೇತಿಯಲ್ಲಿ ಹಿತ್ತಾಳೆ ಗಂಟೆಯನ್ನು ಮೂರು ಸಲ ಬಾರಿಸಿ, ಹೆಲ್ಮೆಟ್ ಸಾಲಿನಲ್ಲಿಟ್ಟರೆ ಮುಗಿಯಿತು. ಯಾರೂ ತಡೆಯಲ್ಲ. ನನ್ನ ಊಹೆ ಏನೆಂದರೆ, ಆ ಗಂಟೆ ಬಾರಿಸುವವರಲ್ಲಿ ತುಂಬಾ ಜನಕ್ಕೆ ಆ ಕ್ಷಣದ ನೋವಿಗಿಂತ 'ಇನ್ನೂ ಇಷ್ಟು ದಿನ ಇದೆಯಲ್ಲ' ಅನ್ನುವ ಲೆಕ್ಕವೇ ಭಾರವಾಗಿರುತ್ತದೆ. ನನಗೆ ಆ ಲೆಕ್ಕದ ಒಂದು ತುಣುಕು ಸಿಕ್ಕಿತು, ಅಷ್ಟೇ. ಯಾಕೆಂದರೆ ಎಷ್ಟೇ ಕಷ್ಟಪಟ್ಟರೂ ಸೋಮವಾರ ಆಫೀಸಿದೆ ಅಂತ ನನಗೆ ಗೊತ್ತಿತ್ತು. ಭಾನುವಾರ ಕಾಲು ಚಾಚಿ ಮಲಗಬಹುದಿತ್ತು. ಇದು ದೊಡ್ಡ ವ್ಯತ್ಯಾಸ. ದೇಹದ ಅಳತೆ ಮುಟ್ಟಿದ ಮಾತ್ರಕ್ಕೆ 'ನಾನೂ ಪಾಸಾಗ್ತಿದ್ದೆ' ಅನ್ನುವವರ ಮಾತು ನಾನು ನಂಬಲ್ಲ, ನನ್ನ ಮಾತೂ ಸೇರಿ.

ಇನ್ನೊಂದು ಕಡೆ, 'ಅವರೆಲ್ಲ ಹುಟ್ಟಾ ಬೇರೆ ತಳಿ' ಅನ್ನೋದನ್ನೂ ಒಪ್ಪಲ್ಲ. ರೇಂಜರ್ ಸ್ಕೂಲ್‌ಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಅವರಿಂದ ಆಗಲ್ಲ ಅಂತ ಎಷ್ಟು ಜನ ಅಂದಿದ್ದರೋ. 2015ರ ಆಗಸ್ಟ್‌ನಲ್ಲಿ ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್ ಅನ್ನುವ ಇಬ್ಬರು ಹೆಂಗಸರು ಅದನ್ನು ಮುಗಿಸಿದರು. ಅವರು ಮಧ್ಯೆ ಕೆಲವು ಹಂತಗಳನ್ನು ಮತ್ತೆ ಮೊದಲಿಂದ ಮಾಡಬೇಕಾಗಿ ಬಂದಿತ್ತು. ಸೋತು, ಮತ್ತೆ ಅದೇ ಹಂತಕ್ಕೆ ನಿಲ್ಲೋದು ನನಗೆ ಪುಲ್‌ಅಪ್‌ಗಿಂತ ದೊಡ್ಡ ವಿಷಯ ಅನ್ನಿಸುತ್ತೆ. ಹಾಗಂತ ಅವರಿಬ್ಬರೂ ಬೀದಿಯಿಂದ ಬಂದವರೂ ಅಲ್ಲ, ಆಗಲೇ ಸೇನೆಯ ಅಧಿಕಾರಿಗಳು. ನಮ್ಮ ಭಾರತೀಯ ಸೇನೆಯ ಕಮಾಂಡೊ ಪಡೆಯಾದ ಪ್ಯಾರಾ ಎಸ್‌ಎಫ್‌ನ ಪ್ರೊಬೇಷನ್‌ಗೂ, ಅಂದರೆ ಆಯ್ಕೆಯ ಹಂತಕ್ಕೂ, ತಾವಾಗಿ ಮುಂದೆ ಬರುವ, ಸೇನೆಯ ತರಬೇತಿ ಮುಗಿಸಿದವರೇ ಹೋಗೋದು. ಹಿಂದೆ ಕಾಣದ ವರ್ಷಗಳಿರುತ್ತವೆ. ವಿಡಿಯೊದಲ್ಲಿ ನಮಗೆ ಕಾಣೋದು ಕೊನೆಯ ಕೆಸರು ಮಾತ್ರ.

ಇದನ್ನು ಓದಿ ಯಾರಾದರೂ ಚೀಲಕ್ಕೆ ಮರಳು ತುಂಬುವವರಿದ್ದರೆ ಒಂದು ಮಾತು. 2013ರ ಜುಲೈನಲ್ಲಿ ಅದೇ ಬ್ರೆಕನ್ ಬೀಕನ್ಸ್‌ನಲ್ಲಿ ಎಸ್‌ಎಎಸ್ ಮೀಸಲು ಪಡೆಯ ಆಯ್ಕೆ ನಡಿಗೆ ನಡೆದಾಗ ಬಿಸಿಲಿಗೆ ಸಿಕ್ಕಿ ಮೂವರು ಸತ್ತರು. ತಯಾರಿ ಮಾಡಿಕೊಂಡು ಬಂದವರು ಅವರು. ಮೈ ಬಿಸಿಯಾಗಿ ತಲೆ ಓಡದ ಮನುಷ್ಯನಿಗೆ ತಾನು ಅಪಾಯದಲ್ಲಿದ್ದೇನೆ ಅಂತ ತಿಳಿಯೋದೇ ಇಲ್ಲ. ಆದ್ದರಿಂದ ನಿಲ್ಲಿಸುವ ಹಕ್ಕು ಜೊತೆಗಿರುವವನ ಕೈಯಲ್ಲಿರಬೇಕು. ನಮ್ಮಲ್ಲಿ ನಿಯಮ ಹೀಗಿತ್ತು: ಗೆಳೆಯ ಕೇಳುವ ಸಣ್ಣ ಕೂಡುವ ಲೆಕ್ಕಕ್ಕೆ ಎರಡು ಸಲ ತಪ್ಪು ಉತ್ತರ ಬಂದರೆ ಚೀಲ ಕೆಳಗೆ, ವಾದ ಇಲ್ಲ. ಬಿಸಿಲೇರಿದ ಮೇಲೆ ಭಾರದ ನಡಿಗೆ ಇಲ್ಲ. ಬರೀ ನೀರು ಲೀಟರುಗಟ್ಟಲೆ ಕುಡಿಯೋದೂ ಬೇಡ, ರಕ್ತದಲ್ಲಿ ಉಪ್ಪಿನಂಶ ಇಳಿದರೆ ಅದೂ ಪ್ರಾಣಕ್ಕೆ ಬರುತ್ತದೆ. ಜೊತೆಗೆ ಉಪ್ಪು ಸೇರಿದ್ದೇನಾದರೂ ಇರಲಿ. ಜಾಸ್ತಿ ದುಡಿದ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಕಿಡ್ನಿಗೆ ಹೊಡೆತ ಬೀಳುತ್ತಿರಬಹುದು. ಅವತ್ತು ಶಿಸ್ತು, ಛಲ ಎಲ್ಲ ಪಕ್ಕಕ್ಕಿಟ್ಟು ನೇರ ಆಸ್ಪತ್ರೆಗೆ ಹೋಗಿ.