ತಪ್ಪಿದ್ದರೆ ಗುರುತು ಮಾಡಿ ಕಳಿಸಿ

ದೊಡ್ಡಮ್ಮನಿಗೆ 75 ತುಂಬುವಾಗ ಏನು ಕೊಡುವುದೆಂದೇ ತಿಳಿಯಲಿಲ್ಲ. ಸೀರೆ ಕೊಟ್ಟರೆ ಟ್ರಂಕಿಗೆ ಹೋಗುತ್ತದೆ, ಸ್ವೀಟು ತಂದರೆ ಶುಗರ್. ಅವರು ಹುಟ್ಟಿದ ಮನೆ ಇರುವುದು ಶರಾವತಿ ಹಿನ್ನೀರಿನಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅವರಿನ್ನೂ ಹುಡುಗಿ. ಆ ಊರಿನದೊಂದು ಫೋಟೊ ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಇಲ್ಲ. ನಕ್ಷೆ ಮಾತ್ರ ಇತ್ತು, ಅದೂ ಅಮೆರಿಕದ ಸೈನ್ಯದ್ದು. ಅದರ ಒಂದು ತುಂಡನ್ನೇ ಹುಟ್ಟುಹಬ್ಬದ ಕಾರ್ಡಿನ ಮೇಲೆ ಅಚ್ಚು ಹಾಕಿಸಿದೆ; ಈಗಲೂ ಅಂಥ ಕಾರ್ಡು ಮಾಡುತ್ತಿರುತ್ತೇನೆ.

1950ರ ದಶಕದಲ್ಲಿ ಅಮೆರಿಕದ ಆರ್ಮಿ ಮ್ಯಾಪ್ ಸರ್ವಿಸ್ ಭಾರತ, ಪಾಕಿಸ್ತಾನಗಳ ನಕ್ಷೆಗಳನ್ನು 1:2,50,000 ಪ್ರಮಾಣದಲ್ಲಿ ತಯಾರಿಸಿತು. ಸರಣಿಯ ಹೆಸರು ಯು502. ಆಧಾರ ನಮ್ಮ ಸರ್ವೆ ಆಫ್ ಇಂಡಿಯಾದ ಹಾಳೆಗಳೇ. ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕ್ಯಾಸ್ಟನೇಡಾ ಲೈಬ್ರರಿಯಲ್ಲಿ ಇವುಗಳ ಸ್ಕ್ಯಾನ್ ಇವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸೈನ್ಯಕ್ಕೆ ಬೇಕಾದದ್ದು ದಾರಿ: ಲಾರಿ ಎಲ್ಲಿಯವರೆಗೆ ಹೋದೀತು, ಮಳೆಗಾಲದಲ್ಲಿ ಯಾವ ರಸ್ತೆ ಕೈಕೊಟ್ಟೀತು, ಎಲ್ಲಿಂದ ಮುಂದೆ ನಡೆದೇ ಹೋಗಬೇಕು. ಹಾಗಾಗಿ ಡಾಂಬರು ರಸ್ತೆಗೊಂದು ಗೆರೆ, ಗಾಡಿದಾರಿಗೊಂದು, ಕಾಲುದಾರಿಗೊಂದು. ಆಗ ಮೀಟರ್‌ಗೇಜ್ ಆಗಿದ್ದ ಶಿವಮೊಗ್ಗ–ತಾಳಗುಪ್ಪ ರೈಲು ಕೂಡ ಉಂಟು. ಅದರ ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ, ಇವತ್ತು ಬರೀ ನೀರಿರುವ ಕಡೆ ದಾರಿಗಳು, ಚುಕ್ಕಿಯಂಥ ಊರುಗಳು.

ಅಮೆರಿಕ ಸರ್ಕಾರ ತಯಾರಿಸಿದ ಕೃತಿಗೆ ಅಲ್ಲಿ ಕಾಪಿರೈಟ್ ಇಲ್ಲ. ನಮ್ಮ ಕಾನೂನಿನಲ್ಲಿ ಸರ್ಕಾರಿ ಕೃತಿಗೆ 60 ವರ್ಷ, ಅದೂ ಮುಗಿದಿದೆ. ದೇಶದ ಗಡಿ ಕಾಣುವ ಹಾಳೆಗಳನ್ನು ಮಾತ್ರ ನಾನು ಮುಟ್ಟುವುದಿಲ್ಲ. ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಗಡಿ ಅಚ್ಚು ಹಾಕಿದರೆ 1961ರ ಕಾಯ್ದೆಯ ಪ್ರಕಾರ ಅಪರಾಧ. ಶುಭಾಶಯ ಹೇಳಲು ಹೋಗಿ ಕೋರ್ಟಿಗೆ ಅಲೆಯುವುದು ಯಾರಿಗೆ ಬೇಕು!

ಎ5 ಹಾಳೆಯನ್ನು ನಡುವೆ ಮಡಚಿದರೆ ಎ6 ಕಾರ್ಡು. ಮೂಲದಲ್ಲಿ ಒಂದು ಸೆಂಟಿಮೀಟರ್ ಅಂದರೆ ಎರಡೂವರೆ ಕಿಲೋಮೀಟರ್. ಒಂದೂವರೆ ಪಟ್ಟು ಹಿಗ್ಗಿಸಿದರೆ ಹಾಳೆಯ 21 ಸೆಂಟಿಮೀಟರ್ ಅಗಲದಲ್ಲಿ 35 ಕಿಲೋಮೀಟರ್ ಸೀಮೆ ಹಿಡಿಯುತ್ತದೆ. ಅದಕ್ಕಿಂತ ಹಿಗ್ಗಿಸಿದರೆ ಅಕ್ಷರ ಒಡೆಯುತ್ತವೆ. ಕಂದು ಬಣ್ಣದ ಎತ್ತರದ ಗೆರೆಗಳನ್ನು ಸ್ವಲ್ಪ ತಿಳಿ ಮಾಡಿದೆ, ಪೂರ್ತಿ ಅಳಿಸಲಿಲ್ಲ. ಗುಡ್ಡವೇ ಕಾಣದಿದ್ದರೆ ದಾರಿ ಯಾಕೆ ಹಾಗೆ ಸುತ್ತು ಹಾಕಿದೆ ಅಂತ ಗೊತ್ತಾಗುವುದು ಹೇಗೆ? ಹಳದಿಗಟ್ಟಿದ ಕಾಗದದ ಬಣ್ಣ ಹಾಗೇ ಬಿಟ್ಟೆ. ಅಂಚಿಗೆ ಮಾವಿನೆಲೆ ತೋರಣ ಹಾಕೋಣ ಅಂದವರಿದ್ದರು; ಕೇಳಲಿಲ್ಲ.

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಮಾಡುವ ಒಂದು ಪ್ರೆಸ್ಸಿನಲ್ಲಿ 300 ಜಿಎಸ್‌ಎಂನ ದಪ್ಪ ಆರ್ಟ್ ಬೋರ್ಡಿನ ಮೇಲೆ ತೆಗೆಸಿದೆ. ಎರಡು ಎಡವಟ್ಟಾದವು. ಕಾಡಿನ ಹಸಿರಿನ ತುಂಬ ರೇಷ್ಮೆ ಸೀರೆಯ ಮೇಲಿನಂಥ ಅಲೆ. ಮೂಲದ ಹಸಿರೇ ಸಣ್ಣಸಣ್ಣ ಚುಕ್ಕಿಗಳಿಂದ ಅಚ್ಚಾದದ್ದು. ಅದರ ಮೇಲೆ ಹೊಸ ಯಂತ್ರದ ಚುಕ್ಕಿ ಬಿದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ. ಈಗ ಆ ಭಾಗವನ್ನು ಮೊದಲು ಸ್ವಲ್ಪ ಮಸುಕು ಮಾಡಿಯೇ ಕೊಡುತ್ತೇನೆ. ಇನ್ನೊಂದು, ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಗೀರು ಎದ್ದಿತ್ತು. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತದೋ ಮಡಿಕೆಯೂ ಆ ಕಡೆಗೇ ಬರಬೇಕು. ಅದಕ್ಕೂ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಟೀಲ್ ಸ್ಕೇಲಿಗೆ ಒತ್ತಿ ಒಂದು ಗೆರೆ ಎಳೆದರೆ ಮಡಿಕೆ ನೆಟ್ಟಗೆ ಕೂರುತ್ತದೆ. ಹೊಳಪಿನ ಬೋರ್ಡು ಬಿಟ್ಟು ಮ್ಯಾಟ್ ಹಿಡಿದ ಮೇಲೆ ಬಿರಿಯುವುದೂ ಕಮ್ಮಿಯಾಯಿತು.

ಮೂರನೆಯ ಎಡವಟ್ಟು ನನ್ನ ಕಣ್ಣಿಗೆ ಬೀಳಲೇ ಇಲ್ಲ. ದೊಡ್ಡಮ್ಮನ ಊರು ಸರಿಯಾಗಿ ನಡುವೆ ಬರಲಿ ಅಂತ ಅಳೆದೂ ಅಳೆದೂ ಇಟ್ಟಿದ್ದೆ. ಹಾಳೆಯ ನಡುವೆ ಅಂದರೆ ಮಡಿಕೆಯ ಮೇಲೆ. ಅವರು ಕನ್ನಡಕ ಏರಿಸಿ, ಸಾಗರದಿಂದ ಬೆರಳಿಟ್ಟು ದಾರಿ ಹಿಡಿದು ಬಂದರು. ಬೆರಳು ಬಿಳಿ ಗೀರಿನ ಮೇಲೆ ನಿಂತಿತು. "ಅಲ್ವೋ, ಅವರು ಮುಳುಗಿಸಿದ್ರು, ನೀನು ಮಡಚಿಟ್ಯಾ?" ಅಂತ ನಕ್ಕರು.

ಊರು ಮುಂಭಾಗದಲ್ಲಿ ಬರುವ ಹಾಗೆ ಇನ್ನೊಂದು ಮಾಡಿಸಿ ಕಳಿಸಿದೆ. ಅದು ದೇವರ ಗೂಡಿನ ಪಕ್ಕ ಇದೆಯಂತೆ. ಮಡಿಕೆಯ ಕಾರ್ಡು ಹೇಗೂ ಕೆಟ್ಟದ್ದು ಅಂತ ಅವರು ಅದರ ಮೇಲೆ ಬಾಲ್‌ಪೆನ್ನು ಓಡಿಸಿ ನನಗೇ ವಾಪಸ್ ಕಳಿಸಿದ್ದರು. ಊರಿನ ಇಂಗ್ಲಿಷ್ ಸ್ಪೆಲಿಂಗ್ ಹೊಡೆದು ಮೇಲೆ ಕನ್ನಡದಲ್ಲಿ ಹೆಸರು. ಮನೆಯಿಂದ ಹೊಳೆಗೆ ಒಂದು ಗೆರೆ, ತುದಿಯಲ್ಲಿ "ಇಲ್ಲಿ ದೋಣಿ". ಒಂದು ಕಾಲುದಾರಿಯ ಪಕ್ಕ "ಇದು ಗಾಡಿದಾರಿ, ನಮ್ಮ ಗಾಡಿ ಹೋಗುತ್ತಿತ್ತು".

ಆಮೇಲೆ ಮೂಲ ಹಾಳೆಯನ್ನು ಮತ್ತೆ ತೆರೆದು, ನಾನೇ ಕತ್ತರಿಸಿ ಬಿಸಾಕಿದ್ದ ಅಂಚನ್ನು ಓದಿದೆ. ತಪ್ಪು ಕಂಡವರು ಈ ನಕ್ಷೆಯ ಮೇಲೇ ಗುರುತು ಮಾಡಿ ವಾಷಿಂಗ್ಟನ್ನಿಗೆ ಕಳಿಸಿಕೊಡಬೇಕೆಂದು ಸೈನ್ಯದವರು ಕೇಳಿಕೊಂಡಿದ್ದರು. ಈಗ ಆ ಸಾಲನ್ನು ಕನ್ನಡ ಮಾಡಿ ಪ್ರತಿ ಕಾರ್ಡಿನ ಹಿಂದೆ ಹಾಕುತ್ತೇನೆ, ವಿಳಾಸ ಮಾತ್ರ ನನ್ನದು. ಇದುವರೆಗೆ ನಾಲ್ಕು ವಾಪಸ್ ಬಂದಿವೆ.